ನಾನು ಅನುವಾದಿಸದೆ ಬಿಟ್ಟ ಸಿಟ್ಟು

ಆಕೆ ನಮ್ಮ ಮನೆಯಲ್ಲೇ ಉಳಿಯಬೇಕೆಂದು ತೀರ್ಮಾನ ಮಾಡಿದ್ದು ನಾನಲ್ಲ, ನಮ್ಮ ಅತ್ತೆ.

ನಾನು ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಾಲ್ಕು ವರ್ಷಗಳ ಹಿಂದೆ, ಭತ್ತದ ಕೊಯ್ಲಿನ ದಿನಗಳಲ್ಲಿ, ಬ್ರೆಜಿಲ್ ದೇಶದಿಂದ ಸಸ್ಯಶಾಸ್ತ್ರದ ಪ್ರಾಧ್ಯಾಪಕಿಯೊಬ್ಬರು ಸವಣೂರಿನ ದೊಡ್ಡ ಹುಣಸೆ ಮರಗಳನ್ನು ನೋಡಲು ಬರುವವರಿದ್ದರು. ಅವರ ಜೊತೆ ನಾಲ್ಕು ದಿನ ದುಭಾಷಿಯಾಗಿ ಇರಲು ಆಗುತ್ತದೆಯೇ ಎಂದು ನಮ್ಮ ಪ್ರಿನ್ಸಿಪಾಲರು ಕೇಳಿದರು. ಹೆಸರಿಗೆ ಹುಣಸೆ ಎಂದರೂ ಅವು ಹುಣಸೆಯಲ್ಲ. ಆಫ್ರಿಕಾದ ಮರಗಳು. ಯಾರೋ ಯಾವಾಗಲೋ ಸಮುದ್ರ ದಾಟಿಸಿ ತಂದು ನೆಟ್ಟವು, ಹತ್ತು ಮಂದಿ ಕೈ ಕೈ ಹಿಡಿದು ನಿಂತರೂ ಬುಡ ಸುತ್ತಿ ಮುಗಿಯುವುದಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿ ಬೇರು ಬಿಟ್ಟ ಇಂಥ ಮರಗಳ ಬಗ್ಗೆ ಅವರು ಅಭ್ಯಾಸ ಮಾಡುತ್ತಿದ್ದರು.

ಅವರಿಗೆ ಲಾಡ್ಜಿನಲ್ಲಿ ಕೋಣೆ ಗೊತ್ತುಮಾಡಿದ್ದೆ. ಅದನ್ನು ಮನೆಯಲ್ಲಿ ಹೇಳಿದಾಗ ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು. "ಅಷ್ಟು ದೂರದಿಂದ ಒಬ್ಬಾಕೀನ ಬರಾಕತ್ತಾಳ. ಲಾಡ್ಜಿನ್ಯಾಗ ಯಾರ ಉಣ್ಣಾಕ ಹಾಕ್ತಾರ? ಇಲ್ಲೇ ಕರಕೊಂಡ ಬಾ." ಅತ್ತೆ ಒಮ್ಮೆ ಹಾಗೆಂದರೆ ನನ್ನ ಗಂಡನೂ ಎದುರಾಡುವುದಿಲ್ಲ. ಆಗ ಅವರಿಗೆ ಎಪ್ಪತ್ತಾರು. ಹಿತ್ತಲ ಕಡೆಯ ಕೋಣೆಯನ್ನು ಸ್ವತಃ ತಾವೇ ಸಾರಿಸಿ, ಹೊಸ ಕೌದಿ ಹಾಸಿ, ಕಿಟಕಿಗೆ ತಮ್ಮ ಹಳೆಯ ಇಳಕಲ್ ಸೀರೆಯ ಪರದೆ ಕಟ್ಟಿದರು.

ಬಂದವರು ಐವತ್ತರ ಆಸುಪಾಸಿನ ಹೆಂಗಸು. ನಮ್ಮ ಹೊಲದ ಹೆಣ್ಣುಮಕ್ಕಳ ಹಾಗೆಯೇ ಬಿಸಿಲು ಉಂಡ ಬಣ್ಣ, ಗುಂಗುರು ಕೂದಲು, ಕಾಲಿಗೆ ಮಣ್ಣಿನ ಬೂಟು. ಹುಬ್ಬಳ್ಳಿಯಿಂದ ಬರುವಾಗ ಬಂಕಾಪುರದ ಕೋಟೆಯಲ್ಲಿ ನವಿಲು ನೋಡಲು ಇಳಿದು, ಅಲ್ಲಿಂದ ಹಾನಗಲ್ಲಿಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಅವರ ಮಾತೃಭಾಷೆ ಪೋರ್ಚುಗೀಸ್. ಇಂಗ್ಲಿಷನ್ನು ತಡೆದು ತಡೆದು ಆಡುತ್ತಿದ್ದರು, ನನ್ನಂತೆಯೇ ಕಲಿತು ಬಂದ ಇಂಗ್ಲಿಷು. ಅದರಿಂದ ನನ್ನ ಅರ್ಧ ಹೆದರಿಕೆ ಹೋಯಿತು.

ಬಂದ ದಿನ ಸಂಜೆ ಊಟಕ್ಕೆ ಕೂತಾಗ ಅತ್ತೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಅತಿಥಿ ಚಟ್ನಿಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಗೆಗೆ ಇಟ್ಟುಕೊಂಡು ನಕ್ಕರು. ಈ ಶೇಂಗಾ ತಮ್ಮ ಕಡೆಯದು, ಅದರೊಳಗಿನ ಮೆಣಸಿನಕಾಯಿಯೂ ತಮ್ಮ ಕಡೆಯಿಂದಲೇ ಹಡಗು ಹತ್ತಿ ಬಂದದ್ದು ಎಂದರು. ಹಿತ್ತಲಿನ ಪೇರಲ ಗಿಡವನ್ನೂ ತೋರಿಸಿ, ಅದೂ ಎಂದರು. ನಾನು ಹೇಳಿದ್ದನ್ನು ಅತ್ತೆ ನಂಬಲಿಲ್ಲ. ಬ್ಯಾಡಗಿ ಪಕ್ಕದಲ್ಲೇ ಇರುವಾಗ ಮೆಣಸಿನಕಾಯಿ ಬೇರೆಯವರದು ಹೇಗಾಗುತ್ತದೆ? ಆದರೂ, "ಹಂಗಾದ್ರ ಆಕೀಗೆ ಇನ್ನೊಂದೀಟು ಹಾಕು, ತವರುಮನಿ ಚಟ್ನಿ" ಎಂದರು. ಅಂದಿನಿಂದ ಆಕೆಯನ್ನು "ತಂಗಿ" ಎಂದೇ ಕರೆಯತೊಡಗಿದರು. ಆಕೆ ಅವರನ್ನು "ಅತ್ತಿ" ಎಂದರು. ನಾನು ಹಾಗೆ ಕರೆಯುವುದನ್ನು ಕೇಳಿ, ಅದು ಹೆಸರೆಂದೇ ತಿಳಿದುಕೊಂಡಿದ್ದರು.

ಎರಡು ದಿನ ಸವಣೂರಿಗೆ ಹೋಗಿ ಬಂದೆವು. ಆಕೆ ಮರದ ಬುಡವನ್ನು ಅಳೆಯುವುದು, ತೊಗಟೆಗೆ ಕಿವಿ ಹಚ್ಚುವುದು, ಕೆಳಗೆ ಬಿದ್ದ ಕಾಯಿಯನ್ನು ಅಲ್ಲಿದ್ದವರಿಂದ ಕೇಳಿ ಪಡೆದು ಜೋಪಾನ ಮಾಡುವುದು. ನಾನು ನೆರಳಲ್ಲಿ ಕೂತು ನೋಡುತ್ತಿದ್ದೆ. ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಖಾರಾ ಕಟ್ಟಿಸಿಕೊಂಡು ದಾರಿಯುದ್ದಕ್ಕೂ ತಿನ್ನುತ್ತಿದ್ದೆವು. ಆಕೆ ತನ್ನ ಬಗ್ಗೆ ಹೇಳಿದ್ದು ಆ ದಾರಿಯಲ್ಲೇ. ಆಕೆ ಅಮೆಜಾನ್ ಕಾಡಿನೊಳಗೇ ಹುಟ್ಟಿದವಳು. ಅಪ್ಪ ಕಾಡಿನ ರಬ್ಬರ್ ಮರಗಳಿಗೆ ಗೀರು ಹಾಕಿ, ಡಬ್ಬಿ ಕಟ್ಟಿ, ಹಾಲು ಇಳಿಸುತ್ತಿದ್ದವನು. ಓದು ಬರಹ ಇಲ್ಲ. ಆಕೆಗೆ ಒಂಬತ್ತು ವರ್ಷವಿದ್ದಾಗ ಯಾರೋ ರಾಜಧಾನಿಯ ಕಾಗದ ಹಿಡಿದುಕೊಂಡು ಬಂದರು. ಈ ನೆಲ ದೇಶದ್ದು, ದೇಶದ ಪ್ರಗತಿಗೆ ದನದ ಹುಲ್ಲುಗಾವಲು ಬೇಕು ಎಂದರು. ಬೆಂಕಿ ಹಚ್ಚಿದರು. ಅಪ್ಪ ಪಟ್ಟಣಕ್ಕೆ ಹೋಗಿ ಹಮಾಲಿ ಮಾಡಿದ. ಅವ್ವ ಮಾತ್ರ ಉಳಿದ ಕಾಡಿನಂಚಿನಲ್ಲಿ ತನ್ನ ಅಕ್ಕತಂಗಿಯರ ಜೊತೆ ಇದ್ದುಬಿಟ್ಟಳು. ಆಕೆ ದೊಡ್ಡವಳಾಗಿ ಓದಿ ಕೆಲಸಕ್ಕೆ ಸೇರುವ ಹೊತ್ತಿಗೆ ಹೊರದೇಶಗಳವರು ಬಂದರು. ಈ ಕಾಡು ಇಡೀ ಭೂಮಿಯ ಆಸ್ತಿ ಎಂದರು. ಉಳಿದದ್ದನ್ನು ಉಳಿಸಲು ಧನಸಹಾಯ ಕೊಟ್ಟರು. ಸುತ್ತ ಬೋರ್ಡು ನಿಂತವು. ಅವ್ವ ಹುಟ್ಟಿದಾಗಿನಿಂದ ಮೀನು ಹಿಡಿಯುತ್ತಿದ್ದ ಹಳ್ಳಕ್ಕೆ ಇಳಿಯಲು ಅಪ್ಪಣೆ ಕೇಳಬೇಕಾಯಿತು.

ಇದನ್ನೆಲ್ಲ ಆಕೆ ಸಿಟ್ಟಿಲ್ಲದೆ, ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಹೇಳಿದಳು. ನಾನೂ ಹೂಂಗುಟ್ಟಿ ಕೇಳಿದೆ. ಈಗ ನೆನೆದರೆ, ನಾನು ಕೇಳಿದ್ದು ಕತೆ ಕೇಳಿದ ಹಾಗೆ.

ಮೂರನೆಯ ದಿನ ನಮ್ಮ ಕಾಲೇಜಿನಲ್ಲಿ ಆಕೆಯ ಭಾಷಣ ಇಟ್ಟಿದ್ದರು. ಮಳೆಕಾಡು ದೇಶದ ಸ್ವತ್ತೋ ಜಗತ್ತಿನ ಸ್ವತ್ತೋ ಎಂಬುದು ವಿಷಯ. ಬೆಳಿಗ್ಗೆ ನಾನು ಕನ್ನಡದ ಶಬ್ದಗಳನ್ನು ಹೊಂದಿಸಿ ಬರೆದುಕೊಳ್ಳುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಸಾರ್ವಭೌಮತ್ವ ಅಂದರೇನು ಎಂದು ಕೇಳಿದರು. ಅವರ ಕಾಡಿನ ಬಗ್ಗೆ ಅವರೇ ತೀರ್ಮಾನ ಮಾಡುವುದು, ಹೊರಗಿನವರು ಕೈ ಹಾಕದಿರುವುದು ಎಂದೆ.

"ಅವರು ಅಂದ್ರ ಯಾರು?" ಎಂದರು ಅತ್ತೆ.

ಆ ದೇಶದವರು ಎಂದೆ. ಅತ್ತೆ ಅಕ್ಕಿಯೊಳಗಿನ ಹರಳನ್ನು ತೆಗೆದು ಹೊಸ್ತಿಲಾಚೆ ಎಸೆದು, ತಾವೂ ಭಾಷಣಕ್ಕೆ ಬರುವುದಾಗಿ ಹೇಳಿದರು. ಭಾಷೆ ತಿಳಿಯದಿದ್ದರೆ ಏನಾಯಿತು, ಸೊಸೆ ಕನ್ನಡದಲ್ಲಿ ಹೇಳುತ್ತಾಳಲ್ಲ.

ಭಾಷಣ ಚೆನ್ನಾಗಿ ನಡೆಯಿತು. ಆಕೆ ಚಿತ್ರ ತೋರಿಸುತ್ತ ಹೋದಳು, ನಾನು ಹೇಳುತ್ತ ಹೋದೆ. ಮೊದಲ ಸಾಲಿನಲ್ಲಿ ಪ್ರಿನ್ಸಿಪಾಲರು, ಶಿಗ್ಗಾಂವಿಯಿಂದ ಬಂದ ಇಬ್ಬರು ಅಧ್ಯಾಪಕರು, ಅವರ ಪಕ್ಕದಲ್ಲಿ ಸೆರಗು ಹೊದ್ದುಕೊಂಡು ನೆಟ್ಟಗೆ ಕೂತ ಅತ್ತೆ. ಕೊನೆಗೆ ಪ್ರಶ್ನೆ ಕೇಳಲು ಬಿಟ್ಟರು. ಕೊನೆಯ ವರ್ಷದ ಒಬ್ಬ ಹುಡುಗಿ ಎದ್ದು ನಿಂತಳು. ನನ್ನ ಜಾಣ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ಆ ಕಾಡು ಇಡೀ ಜಗತ್ತಿಗೆ ಬೇಕು, ಆ ದೇಶ ಅದನ್ನು ಉಳಿಸುವುದಿಲ್ಲ ಎಂದಾದರೆ ಉಳಿದ ದೇಶಗಳೆಲ್ಲ ಸೇರಿ ಅದನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುವುದು ತಪ್ಪೇ ಎಂದು ಕೇಳಿದಳು.

ನಾನು ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದೆ. ಆಕೆ ಮೇಜಿನ ಮೇಲೆ ಎರಡೂ ಕೈಯೂರಿದಳು. ಆಮೇಲೆ ಮಾತಾಡಿದಳು. ತಡವರಿಸುವ ಇಂಗ್ಲಿಷು ಒಮ್ಮೆಲೇ ಹರಿಯಿತು. ಇಡೀ ಜಗತ್ತು ಎನ್ನುವವರು ತಮ್ಮ ಕಾಡನ್ನು ಮೊದಲೇ ಕಡಿದು ಮುಗಿಸಿದವರು. ದೇಶ ಎನ್ನುವವರು ನನ್ನ ಅಪ್ಪನ ಗುಡಿಸಿಲಿಗೆ ಬೆಂಕಿ ಹಚ್ಚಿದವರು. ಇಬ್ಬರೂ ನಮ್ಮದು ನಮ್ಮದು ಎನ್ನುತ್ತಾರೆ, ಆ ನಮ್ಮದು ಎಂಬುದರೊಳಗೆ ನನ್ನ ಅವ್ವ ಎಂದೂ ಇರಲಿಲ್ಲ. ನೀನು ಈ ಪ್ರಶ್ನೆ ಕೇಳುವ ಮೊದಲು ನಿಮ್ಮ ಅಜ್ಜನನ್ನು ಕೇಳಿ ಬಾ, ಈ ಕಬ್ಬು ಬರುವುದಕ್ಕೆ ಮುಂಚೆ ಈ ನೆಲದ ಮೇಲೆ ಏನಿತ್ತು, ಅದನ್ನು ಕಡಿಯುವಾಗ ಯಾವ ದೇಶದವರು ಬಂದು ನಿಮ್ಮ ಕೈ ಹಿಡಿದಿದ್ದರು? ಹೇಳುವಾಗ ಆಕೆಯ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

ಆ ಧಾಟಿಯ, ಆ ವೇಗದ ಇಂಗ್ಲಿಷು ಅರ್ಥವಾಗದೆ ಸಭೆ ನನ್ನನ್ನು ನೋಡಿತು. ಹುಡುಗಿ ಇನ್ನೂ ನಿಂತೇ ಇದ್ದಳು. ಅವಳ ಮನಸ್ಸು ನೋಯುತ್ತದೆ ಎಂದು ಅನಿಸಿತೋ, ಪ್ರಿನ್ಸಿಪಾಲರ ಮುಂದೆ ಕಾರ್ಯಕ್ರಮ ಕೆಡುತ್ತದೆ ಎಂದು ಅನಿಸಿತೋ, ಇಂದಿಗೂ ಸರಿಯಾಗಿ ಹೇಳಲಾರೆ. ನಾನು ಹೇಳಿದ್ದು ಇಷ್ಟು: ದೇಶದ ಹಕ್ಕು, ಜಗತ್ತಿನ ಕಾಳಜಿ ಎರಡೂ ಮುಖ್ಯ, ಜೊತೆಗೆ ಸ್ಥಳೀಯ ಜನರ ಸಹಕಾರವೂ ಬೇಕು ಎಂಬುದು ಇವರ ಅಭಿಪ್ರಾಯ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಆಕೆಗೆ ಕನ್ನಡ ಬರುತ್ತಿರಲಿಲ್ಲ. ಆದರೆ ತನ್ನ ಉದ್ದ ಮಾತು ಇಷ್ಟು ಗಿಡ್ಡವಾಗಿದ್ದನ್ನೂ, ಅದಕ್ಕೆ ಚಪ್ಪಾಳೆ ಬಿದ್ದದ್ದನ್ನೂ ಗಮನಿಸಿ ನನ್ನ ಕಡೆ ಒಂದು ಸಲ ನೋಡಿದಳು.

ಸಂಜೆ ಮನೆಯಲ್ಲಿ ಮೂವರೂ ಹಿತ್ತಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆವು. ಅತ್ತೆ ಕಪ್ಪು ಬಸಿ ಕೆಳಗಿಟ್ಟು ನನಗೆ ಹೇಳಿದರು, "ಆಕಿ ಮಾರಿ ಸಿಟ್ಟಿಲೆ ಕೆಂಪಾಗಿತ್ತು. ನಿನ್ನ ಮಾತಿನ್ಯಾಗ ಸಿಟ್ಟ ಇರಲಿಲ್ಲ. ಏನ ಬಿಟ್ಟಿ?"

ಸುಳ್ಳು ಹೇಳಲು ಆಗಲಿಲ್ಲ. ಆಕೆ ಹೇಳಿದ್ದನ್ನು ಒಂದೊಂದಾಗಿ ಅತ್ತೆಗೆ ಹೇಳಿದೆ. ರಬ್ಬರಿನ ಅಪ್ಪ, ಬೆಂಕಿ, ಬೋರ್ಡು, ಹಳ್ಳ, ಅವ್ವ, ಕಬ್ಬು. ಆಮೇಲೆ ಇಂಗ್ಲಿಷಿಗೆ ತಿರುಗಿ, ಮಧ್ಯಾಹ್ನ ನಾನು ಮಾಡಿದ್ದೇನು ಎಂದು ಆಕೆಗೂ ಹೇಳಿದೆ. ಕ್ಷಮೆ ಕೇಳಿದೆ. ಆಕೆ ಬೈಯಲಿಲ್ಲ. ಇದಕ್ಕಿಂತ ದೊಡ್ಡ ಸಭೆಗಳಲ್ಲೂ ತನ್ನ ಮಾತನ್ನು ಹೀಗೆಯೇ ತಿರುಗಿಸಿದ್ದಾರೆ, ಕೊನೆಗೆ ವರದಿಯಲ್ಲಿ ಸಹಕಾರ ಎಂಬ ಶಬ್ದ ಉಳಿಯುತ್ತದೆ ಎಂದಳು. ನಕ್ಕಳು ಕೂಡ. ಆದರೆ ಕಪ್ಪಿನಲ್ಲಿದ್ದ ಚಹಾ ಹಾಗೇ ಆರಿಹೋಯಿತು.

ಆಗ ಅತ್ತೆ, ನಾನು ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಕೇಳದ ಒಂದು ಸಂಗತಿ ಹೇಳಿದರು. ಅವರ ತವರು ಹಾನಗಲ್ಲಿನ ಪಶ್ಚಿಮಕ್ಕೆ, ಕಾಡು ಶುರುವಾಗುವ ಕಡೆಯ ಸಣ್ಣ ಊರು. ಅವರಿಗೆ ಹನ್ನೆರಡು ವರ್ಷ. ಎಂದಿನಂತೆ ಅವ್ವನ ಜೊತೆ ಒಣಕಟ್ಟಿಗೆ ತರಲು ಹೋಗಿದ್ದರು. ಹೊಸದಾಗಿ ಬಂದ ಗಾರ್ಡ್ ಹಗ್ಗವನ್ನೂ ಕುಡಗೋಲನ್ನೂ ಕಸಿದುಕೊಂಡ. ಇನ್ನು ಮೇಲೆ ಇದು ಸರಕಾರದ ಕಾಡು ಎಂದ. ಅವ್ವ ಅವನ ಕಚೇರಿಯ ಮುಂದೆ ಹೋಗಿ ನಿಂತಳು. ಬೇಡಲಿಲ್ಲ, ಅಳಲಿಲ್ಲ, ಹೊತ್ತು ಮುಳುಗುವವರೆಗೆ ಸುಮ್ಮನೆ ನಿಂತಿದ್ದಳು. ಅವನು ಕುಡಗೋಲು ತಿರುಗಿ ಕೊಡಲಿಲ್ಲ. ಆ ವರ್ಷ ಭತ್ತ ಕೊಯ್ಯಲು ಪಕ್ಕದ ಮನೆಯವರ ಕುಡಗೋಲು ಕೇಳಿ ತಂದರು.

"ಅವತ್ತಿನಿಂದ ನಮ್ಮವ್ವ ಕಾಡಿನ ಕಡೆ ಮಾರಿ ಮಾಡಿ ಕುಂಡ್ರಲಿಲ್ಲ" ಎಂದರು ಅತ್ತೆ. "ಕಟ್ಟಿ ಮ್ಯಾಲೆ ಕುಂತ್ರೂ ಬೆನ್ನ ಆ ಕಡೆ. ಸಾಯೂತನಕ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಆಕೆ ಎದ್ದು ಬಂದು ಅತ್ತೆಯ ಪಕ್ಕ ಕೂತು ಅವರ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಆ ಊರನ್ನು ನೋಡಬಹುದೇ ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ನನ್ನ ಗಂಡ ಕಾರು ತೆಗೆದ. ಅವನಿಗೆ ತನ್ನ ಅಜ್ಜಿಯ ಕುಡಗೋಲಿನ ಸಂಗತಿ ಗೊತ್ತಾಗಿದ್ದು ದಾರಿಯಲ್ಲಿ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ನೀನು ಕೇಳಲಿಲ್ಲ ಎಂದರು ಅತ್ತೆ. ಅವನು ಗೇರ್ ಹಾಕುವಾಗೊಮ್ಮೆ ಕನ್ನಡಿಯಲ್ಲಿ ಅವ್ವನ ಮುಖ ನೋಡುತ್ತಿದ್ದ.

ತವರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅಲ್ಲಿ ನಿಲ್ಲದೆ ಊರ ಹೊರಗಿನ ಗಾಡಿದಾರಿ ಹಿಡಿದೆವು. ಗದ್ದೆ ಮುಗಿದಲ್ಲಿ ಒಂದು ಕಂದಕ, ಇಲಾಖೆಯ ಬೋರ್ಡು, ಅಡ್ಡ ಕಟ್ಟಿದ ಗಳ. ಖಾಕಿ ಅಂಗಿಯ ಒಬ್ಬ ಗಾರ್ಡ್ ಬಂದು ಒಳಗೆ ಬಿಡುವಂತಿಲ್ಲ ಎಂದ. ನನ್ನ ಗಂಡ ಯಾರಿಗೋ ಫೋನು ಮಾಡಲು ಹೊರಟ. ಅತ್ತೆ ಅವನ ಕೈ ತಡೆದರು. ಗಾರ್ಡಿಗೆ ಯಾವ ಊರೆಂದು ಕೇಳಿದರು. ಹಿರೇಕೆರೂರು ಕಡೆ, ಮಾಸೂರಿನವನು, ಕೆರೆಯ ಕೆಳಗಿನ ಗದ್ದೆಗಳಲ್ಲಿ ಅಪ್ಪ ಅವ್ವ ಕೂಲಿ ಮಾಡುತ್ತಿದ್ದರು ಎಂದ. ಅವನಿಗೂ ಐವತ್ತಾಗಿತ್ತು, ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದವು. ಅತ್ತೆ ತಾವು ಇದೇ ಊರಿನ ಮಗಳು, ಅರವತ್ತು ವರ್ಷಗಳಿಗೂ ಮೇಲಾಯಿತು ಈ ಗಳ ದಾಟಿ ಎಂದರು. ಕುಡಗೋಲಿನ ಮಾತನ್ನೂ ಹೇಳಿದರು, ದೂರು ಹೇಳುವಂತೆ ಅಲ್ಲ, ಬೆಳೆ ಹೇಗಿದೆ ಎಂದು ಹೇಳುವಂತೆ. ಗಾರ್ಡ್ ತಲೆ ಕೆರೆದುಕೊಂಡ.

"ಗಾಡಿದಾರಿ ಇರೂತನಕ ಬರ್ರಿ. ನಾನೂ ಜೋಡಿ ಬರ್ತೇನಿ."

ಒಳಗೆ ಹೋದಂತೆ ಬಿಸಿಲು ತೆಳ್ಳಗಾಯಿತು. ಅದೇನು ಮಳೆಕಾಡಲ್ಲ. ತೇಗ, ಮತ್ತಿ, ಹೊನ್ನೆ, ಅಲ್ಲಲ್ಲಿ ಬಿದಿರು ಇರುವ ನಮ್ಮ ಸಾಧಾರಣ ಕಾಡು. ಅತ್ತೆ ಒಂದೊಂದು ಮರವನ್ನೂ ಮುಟ್ಟಿ ಹೆಸರು ಹೇಳುತ್ತಿದ್ದರು, ಆಕೆ ತನ್ನ ಭಾಷೆಯ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದಳು. ಮುತ್ತುಗದ ಎಲೆ ಕಂಡಾಗ ಅತ್ತೆ ನಾಲ್ಕು ಎಲೆ ಕೊಯ್ದು, ಕಡ್ಡಿ ಚುಚ್ಚಿ, ಬಾಳಂತಿಗೆ ಇಂಥದರಲ್ಲೇ ಉಣ್ಣಲು ಹಾಕುತ್ತಿದ್ದೆವು ಎಂದು ತೋರಿಸಿದರು. ಗಾರ್ಡ್ ನೋಡಿಯೂ ನೋಡದವನಂತೆ ಮುಂದೆ ನಡೆದ.

ಒಂದು ಏರಿನಲ್ಲಿ ಅತ್ತೆ ನಿಂತರು. ಪಡುವಣಕ್ಕೆ ಕೈ ತೋರಿಸಿದರು. "ನಾ ಹುಡುಗಿ ಇದ್ದಾಗ ಇಲ್ಲಿ ನಿಂತ್ರ ಗುಡ್ಡ ಕಾಣ್ತಿತ್ತು. ಈಗ ಕಾಣವಲ್ದು. ಗಿಡ ಮುಚ್ಚ್ಯಾವ." ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು. "ನಮ್ಮನ್ನ ಬಿಟ್ಟಿದ್ರ ಇಷ್ಟು ಉಳೀತಿತ್ತೋ ಇಲ್ಲೋ. ನಾವ ಕಡದು ಒಲಿಗೆ ಇಡ್ತಿದ್ವಿ, ಸುಳ್ಳ ಯಾಕ ಹೇಳ್ಲಿ. ಕಾಯಬೇಕಿತ್ತು. ಆದ್ರ ನಮ್ಮವ್ವನ್ನ ಕರದು ಕುಂಡ್ರಿಸಿ ಒಂದ್ ಮಾತ ಕೇಳಬೇಕಿತ್ತು."

ನಾನು ಇಂಗ್ಲಿಷಿಗೆ ತಿರುಗಿಸಲು ಹೊರಟು ಕರೆದು ಕೂರಿಸಿ ಎಂಬಲ್ಲಿ ಸಿಕ್ಕಿಕೊಂಡೆ. ಸಮಾಲೋಚನೆ ಎನ್ನುವ ಶಬ್ದ ಇತ್ತು, ಆದರೆ ಅದು ಇದಲ್ಲ. ನಮ್ಮಲ್ಲಿ ಯಾರಾದರೂ ಬಂದರೆ ಕಂಬಳಿ ಹಾಸಿ, ನೀರು ಕೊಟ್ಟು, ಕೂರಿಸಿ, ಆಮೇಲೆಯೇ ಕೆಲಸದ ಮಾತು ಎತ್ತುತ್ತೇವೆ. ಅತ್ತೆ ಹೇಳುತ್ತಿರುವುದು ಅದನ್ನು ಎಂದು ವಿವರಿಸಿದೆ. ಆಕೆ ಕನ್ನಡದ ಶಬ್ದವನ್ನೇ ಹೇಳು ಎಂದಳು. ಕುಂಡ್ರಿಸಿ ಕೇಳೂದು ಎಂದೆ. ಎರಡು ಸಲ ಹೇಳಿಸಿಕೊಂಡು ಬರೆದುಕೊಂಡಳು.

ಗಾರ್ಡ್ ಯಾರನ್ನೂ ನೋಡದೆ, ತಾನೂ ಕುಡಗೋಲು ಕಸಿದುಕೊಂಡಿದ್ದೇನೆ ಎಂದ. ಮೇಲಿನವರು ತಪಾಸಣೆಗೆ ಬಂದಾಗ ಕಸಿದುಕೊಳ್ಳದೆ ಗತಿಯಿಲ್ಲ. ಆದರೆ ಸಂಜೆ ಆ ಹೆಣ್ಣುಮಕ್ಕಳನ್ನು ಕರೆದು ತಿರುಗಿ ಕೊಟ್ಟು ಕಳಿಸುತ್ತೇನೆ, ಹಸಿ ಗಿಡ ಮುಟ್ಟಬೇಡಿ ಎಂದಷ್ಟೇ ಹೇಳುತ್ತೇನೆ ಎಂದ. ಅತ್ತೆ ಅವನ ತೋಳು ಮುಟ್ಟಿದರು. "ಹಂಗ ಮಾಡಪ್ಪಾ" ಎಂದರು. ಹಿಂದಿರುಗಿ ಬರುವಾಗ ಇಳಿಜಾರಿನಲ್ಲಿ ಅತ್ತೆಯ ಒಂದು ಕೈ ಅವನು ಹಿಡಿದಿದ್ದ, ಇನ್ನೊಂದು ಆಕೆ.

ಆಕೆ ಹೋದ ಮೇಲಿನ ಸೋಮವಾರ ನಾನು ಕೊನೆಯ ವರ್ಷದ ತರಗತಿಗೆ ಹೋಗಿ, ಅಂದು ನಾನು ಬಿಟ್ಟದ್ದನ್ನೆಲ್ಲ ಹೇಳಿದೆ. ಬಿಟ್ಟೆ ಎಂಬುದನ್ನೂ ಹೇಳಿದೆ. ಅಧ್ಯಾಪಕಿ ತಪ್ಪು ಒಪ್ಪಿಕೊಳ್ಳುವುದು ಅಭ್ಯಾಸವಿಲ್ಲದ ಮಕ್ಕಳು ಮುಖ ಮುಖ ನೋಡಿಕೊಂಡರು. ಪ್ರಶ್ನೆ ಕೇಳಿದ್ದ ಹುಡುಗಿಗೆ ನೋವಾದದ್ದು ಕಂಡಿತು. ಎರಡು ವಾರ ಬಿಟ್ಟು ಸ್ಟಾಫ್ ರೂಮಿಗೆ ಬಂದು, ಅಜ್ಜನನ್ನು ಕೇಳಿದೆ ಎಂದಳು. ಅವರ ಕಬ್ಬಿನ ಗದ್ದೆಯ ಮೇಲೆ ಮೊದಲು ಹಿಪ್ಪೆ ಮರಗಳ ತೋಪು ಇತ್ತಂತೆ. ಹೇಳುತ್ತ ಹೇಳುತ್ತ ಅಜ್ಜನಿಗೆ ಅದರ ಹೂವಿನ ವಾಸನೆ ನೆನಪಾಗಿ ಉಣ್ಣುವುದನ್ನೇ ಬಿಟ್ಟು ಕೂತಿದ್ದರಂತೆ. ಆದರೂ ಮೇಡಂ, ನನ್ನ ಪ್ರಶ್ನೆ ಪೂರಾ ತಪ್ಪಲ್ಲ ಎಂದಳು. ಹೌದು, ತಪ್ಪಲ್ಲ ಎಂದೆ. ಉರಿಯುವ ಕಾಡಿನ ಹೊಗೆಗೆ ಗಡಿ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬ್ರೆಜಿಲಿನ ಗೆಳತಿಗಂತೂ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು.

ಆಕೆ ಈಗಲೂ ಕಾಗದ ಬರೆಯುತ್ತಾಳೆ, ಮೊಬೈಲಿನಲ್ಲಿ. ಅವಳ ಅವ್ವನ ಊರಿನವರನ್ನೂ ಸೇರಿಸಿ ಒಂದು ಸಮಿತಿ ಆಯಿತು. ಸರಕಾರದವರು, ಹೊರದೇಶದ ಧನಸಹಾಯದವರು, ಊರಿನವರು ಒಂದೇ ಮರದ ಕೆಳಗೆ ಬೆಂಚು ಹಾಕಿಕೊಂಡು ಕೂತರು. ಹಳ್ಳದಲ್ಲಿ ಮೀನು ಹಿಡಿಯಲು ಬಿಟ್ಟರು. ರಬ್ಬರಿನ ಮರಗಳಿಗೆ ಗೀರು ಹಾಕುವ ಬಗ್ಗೆ ಇನ್ನೂ ಜಗ್ಗಾಟ ನಡೆದಿದೆ. ಅದರ ಮರುವರ್ಷದ ಬೇಸಿಗೆಗೆ ಹಳ್ಳದ ಆಚೆ ದಂಡೆಯಲ್ಲಿ ಮತ್ತೆ ಬೆಂಕಿ ಬಿತ್ತು. ಯಾರು ಹಚ್ಚಿದರೆಂದು ಎಲ್ಲರಿಗೂ ಗೊತ್ತು, ಹಿಡಿಯುವವರಿಲ್ಲ ಎಂದು ಬರೆದಿದ್ದಳು. ಆ ವಾರವಿಡೀ ಅತ್ತೆ ದಿನಾ ಕೇಳುತ್ತಿದ್ದರು, ಆರಿತೇನು ಎಂದು.

ಹೋದ ತಿಂಗಳು ಒಂದು ಸಂಜೆ ವಿಡಿಯೋ ಕರೆ ಬಂತು. ಅಲ್ಲಿ ಬೆಳಗಿನ ಹೊತ್ತು. ಆಕೆ ಅವ್ವನ ಮನೆಗೆ ಹೋಗಿದ್ದಳು. ಪರದೆಯ ಮೇಲೆ ಎಂಬತ್ತು ದಾಟಿದ ಒಬ್ಬ ಮುದುಕಿ ಕಾಣಿಸಿದಳು, ಒಲೆಯ ಮೇಲಿನ ಅಗಲ ತವೆಯಲ್ಲಿ ಯಾವುದೋ ಗೆಣಸಿನ ಹಿಟ್ಟು ಹುರಿಯುತ್ತಿದ್ದಳು. ಅತ್ತೆ ಕನ್ನಡಕ ಏರಿಸಿಕೊಂಡು ಫೋನನ್ನು ಮುಖದ ಹತ್ತಿರ ತಂದುಕೊಂಡರು. ಆ ಮುದುಕಿ ಏನೋ ಕೇಳಿದಳು. ಮಗಳು ಇಂಗ್ಲಿಷಿನಲ್ಲಿ ನನಗೆ, ನಾನು ಕನ್ನಡದಲ್ಲಿ ಅತ್ತೆಗೆ: ನಿಮ್ಮ ಕಡೆ ಮೊಣಕಾಲು ನೋವಿಗೆ ಯಾವ ಎಲೆ ಕಟ್ಟುತ್ತೀರಿ?

ಅತ್ತೆ ಎಕ್ಕೆ ಎಲೆ ಎಂದರು. ಬಿಸಿ ಮಾಡಿ, ಎಣ್ಣೆ ಸವರಿ, ರಾತ್ರಿ ಕಟ್ಟಿ ಮಲಗಬೇಕು, ಹಾಲು ಕಣ್ಣಿಗೆ ತಾಗಬಾರದು ಎಂದೆಲ್ಲ ವಿವರವಾಗಿ ಹೇಳಿದರು. ಅಲ್ಲಿ ಎಕ್ಕೆ ಸಿಗುತ್ತದೆಯೇ ಎಂದು ನನಗೆ ತಿಳಿಯದು. ನಾನು ಹೇಳುತ್ತ ಹೋದೆ. ಮುದುಕಿ ಹಿಟ್ಟು ತಿರುವುತ್ತಲೇ ಗೋಣು ಹಾಕುತ್ತಿದ್ದಳು. ನಡುವೆ ಅತ್ತೆ ತಡೆದು, "ಆಕೀಗೆ ಹೇಳು, ಒಲಿ ಉರಿ ಜಾಸ್ತಿ ಆಗೇತಿ, ಹಿಟ್ಟ ಹತ್ತತೈತಿ" ಎಂದರು.